ಎಂಟು ಸಾವಿರ ಯಾರಿಗೆ ಹೋಗ್ತಿದೆ, ಮೇಡಂ?

ಅವತ್ತು ಭಾನುವಾರ. ಗೃಹಸಾಲದ ಏಜೆಂಟ್ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಕೂತು ನನ್ನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ತೊಡೆಯ ಮೇಲೆ ಹರಡಿಕೊಂಡಿದ್ದ. ಅತ್ತೆ ಕಾಫಿ ತಂದು ಟೀಪಾಯಿ ಮೇಲಿಟ್ಟು ಅಲ್ಲೇ ನಿಂತಿದ್ದರು. ಹಳದಿ ಹೈಲೈಟರ್ ಹಿಡಿದು ಒಂದೊಂದೇ ಸಾಲಿಗೆ ಗೆರೆ ಎಳೆಯುತ್ತ ಬಂದವನು ತಲೆ ಎತ್ತಿ ಕೇಳಿದ: "ಪ್ರತಿ ತಿಂಗಳು ಐದನೇ ತಾರೀಖು ಎಂಟು ಸಾವಿರ ಯಾರಿಗೋ ಹೋಗ್ತಿದೆಯಲ್ಲ ಮೇಡಂ, ಇದು ಯಾವುದಾದ್ರೂ ಇಎಂಐನಾ?"

ಆ ಹಣ ಹಾಸನದಲ್ಲಿರುವ ನನ್ನ ತಮ್ಮನಿಗೆ ಹೋಗುತ್ತಿತ್ತು. ಅವನ ಕೆಲಸ ಹೋಗಿ ಏಳು ತಿಂಗಳಾಗಿತ್ತು. ನನ್ನ ಗಂಡನಿಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ, ಊರಲ್ಲಿ ಅಪ್ಪನಿಗೂ ಗೊತ್ತಿರಲಿಲ್ಲ. ತಮ್ಮ ನನ್ನಲ್ಲಿ ಕೇಳಿಕೊಂಡಿದ್ದು ಒಂದೇ ಮಾತು: ಯಾರಿಗೂ ಹೇಳಬೇಡ ಅಕ್ಕ.

"ತಮ್ಮನಿಗೆ" ಅಂದೆ. "ಪರ್ಸನಲ್ ಲೋನ್ ಅಲ್ಲ ತಾನೆ?" ಎಂದು ಖಾತ್ರಿ ಮಾಡಿಕೊಂಡು ಅವನು ಆ ಸಾಲಿನ ಪಕ್ಕ ಪೆನ್ನಿನಲ್ಲಿ 'ಬ್ರದರ್' ಅಂತ ಬರೆದು ಮುಂದಕ್ಕೆ ಹೋದ. ಅತ್ತೆ ಟ್ರೇ ಎತ್ತಿಕೊಂಡು ಒಳಗೆ ಹೋದರು. ಅವತ್ತು ಅವರು ಏನೂ ಕೇಳಲಿಲ್ಲ. ಮೂರು ದಿನ ಬಿಟ್ಟು ಕೇಳಿದರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಿದ್ದು ಕೇಳಬೇಕಾದ ಪ್ರಶ್ನೆಯೇ. ತಿಂಗಳು ತಿಂಗಳು ಒಂದೇ ಮೊತ್ತ ಒಂದೇ ಖಾತೆಗೆ ಹೋಗುತ್ತಿದ್ದರೆ ಅದು ಬಚ್ಚಿಟ್ಟ ಸಾಲ ಇರಬಹುದಾ ಎಂದು ಸಾಲ ಕೊಡುವವರು ನೋಡಲೇಬೇಕು. ನಮ್ಮ ಸಂಬಳದಲ್ಲಿ ಎಷ್ಟು ಕಂತು ಕಟ್ಟಲು ಸಾಧ್ಯ ಎಂಬ ಲೆಕ್ಕ ನಿಂತಿರುವುದೇ ಅದರ ಮೇಲೆ. ಆದರೆ ಆ ಪ್ರಶ್ನೆ ಬ್ಯಾಂಕಿನ ಒಂದು ಮೇಜಿನ ಆಚೀಚೆ, ನನ್ನ ಮತ್ತು ಒಬ್ಬ ಅಧಿಕಾರಿಯ ನಡುವೆ ಬರಬೇಕಿತ್ತು. ನಮ್ಮ ಹಾಲ್‌ನಲ್ಲಿ ಬಂತು. ಕಳ್ಳತನ ಆಗಲಿಲ್ಲ, ಖಾತೆಯಿಂದ ಒಂದು ರೂಪಾಯಿಯೂ ಹೋಗಲಿಲ್ಲ. ಒಂದು ನಿಜ ಹೋಗಬಾರದ ಕಿವಿಗೆ ಹೋಯಿತು, ಅಷ್ಟೇ. ಮಾಹಿತಿ ಸೋರಿಕೆ ಅಂತ ಪೇಪರಿನಲ್ಲಿ ಓದುವಾಗ ನಾನು ಯಾವತ್ತೂ ಇಂಥದ್ದನ್ನು ಊಹಿಸಿಕೊಂಡಿರಲಿಲ್ಲ.

ಆ ಕಾಗದ ಅವನ ಕೈಗೆ ಕೊಟ್ಟವಳು ನಾನೇ. ಯಾಕೆ ಕೊಟ್ಟೆ? ಕೇಳಿದ, ಕೊಟ್ಟೆ. ಗರಜು ನಮ್ಮದು. ಸಾಲ ಕೇಳಲು ಹೋದವರಿಗೆ ಒಂದು ಸಂಕೋಚ ಇರುತ್ತದೆ. ಎದುರಿಗೆ ಕೂತವರು ಏನು ಕೇಳಿದರೂ ಇಲ್ಲ ಅನ್ನಬಾರದು, ಯಾಕೆ ಅನ್ನಲಂತೂ ಬಾರದು. ಅಂದರೆ ಫೈಲು ಪಕ್ಕಕ್ಕೆ ಹೋಗಿಬಿಡುತ್ತದೆ ಎಂಬ ಹೆದರಿಕೆ. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು, ಮಕ್ಕಳಿಗೆ ದಿನಾ "ಪ್ರಶ್ನೆ ಕೇಳಿ" ಅನ್ನುತ್ತೇನೆ. ಅಲ್ಲಿ ಕೂತಾಗ ನನ್ನ ಬಾಯಿಂದ ಒಂದು ಪ್ರಶ್ನೆಯೂ ಹೊರಡಲಿಲ್ಲ. ನಮ್ಮ ಮಾಹಿತಿ ಸೋರುವ ದೊಡ್ಡ ತೂತು ಕಂಪ್ಯೂಟರಿನಲ್ಲಿಲ್ಲ, ಈ ಸಂಕೋಚದಲ್ಲಿದೆ ಎಂದು ಈಗ ನನಗೆ ಅನ್ನಿಸುತ್ತದೆ.

ಗೃಹಸಾಲದ ಫೈಲು ಅಂದರೆ ಏನು ಅಂತ ಒಮ್ಮೆ ನೋಡಿ. ಆಧಾರ್, ಪ್ಯಾನ್, ಮೂರು ತಿಂಗಳ ಸಂಬಳದ ಚೀಟಿ, ಸಂಬಳದ ತೆರಿಗೆಗೆ ಆಫೀಸು ಕೊಡುವ ಎರಡು ವರ್ಷದ ಫಾರ್ಮ್ 16, ಆರು ತಿಂಗಳ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಕೆಲಸದ ಗುರುತಿನ ಚೀಟಿ, ಫೋಟೋ, ಹತ್ತಾರು ಸಹಿ. ಸಹ ಅರ್ಜಿದಾರರಾಗಿ ಗಂಡನದ್ದೂ ಅಷ್ಟೇ. ಜೊತೆಗೆ ಆಸ್ತಿಯ ಕಡೆಯಿಂದ ಕ್ರಯದ ಕರಾರು, ಮೂಲಪತ್ರ, ಇಸಿ ಎಂಬ ಋಣಭಾರ ಪತ್ರ, ಖಾತಾ, ತೆರಿಗೆ ರಸೀದಿ. ಮದುವೆ ಸಂಬಂಧ ನೋಡುವಾಗಲೂ ಯಾರೂ ಇಷ್ಟು ಕೇಳುವುದಿಲ್ಲ. ಆಸ್ಪತ್ರೆಗೆ ನಮ್ಮ ಕಾಯಿಲೆ ಮಾತ್ರ ಗೊತ್ತು, ಆಫೀಸಿಗೆ ಸಂಬಳ ಮಾತ್ರ, ಅಂಗಡಿಯವನಿಗೆ ನಾವು ಕೊಳ್ಳುವ ಸೋಪು ಮಾತ್ರ. ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ, ಪ್ರತಿ ಪುಟಕ್ಕೂ ಸಹಿ ಹಾಕಿ ಕೊಡುವುದು ಇಲ್ಲಿ ಮಾತ್ರ.

ಅದರಲ್ಲೂ ಬ್ಯಾಂಕ್ ಸ್ಟೇಟ್‌ಮೆಂಟ್. ಹತ್ತು ವರ್ಷದ ಹಿಂದೆ ಅದರಲ್ಲಿ ತಿಂಗಳಿಗೆ ಹತ್ತು ಹದಿನೈದು ಸಾಲು ಇರುತ್ತಿತ್ತು: ಸಂಬಳ ಬಂತು, ಎಟಿಎಂನಿಂದ ತೆಗೆದೆ, ಎಲ್‌ಐಸಿ ಕಟ್ಟಿದೆ. ಯುಪಿಐ ಬಂದ ಮೇಲೆ ಅದು ದಿನಚರಿಯಾಗಿದೆ. ಆ ಭಾನುವಾರದ ರಾತ್ರಿ ನಾನು ನನ್ನದೇ ಸ್ಟೇಟ್‌ಮೆಂಟನ್ನು ಪರಕೀಯಳ ಹಾಗೆ ಓದಿದೆ. ಬೆಳಿಗ್ಗೆ ಕಾಲೇಜಿನ ಹತ್ತಿರ ಕುಡಿದ ಕಾಫಿಗೆ ಹದಿನೈದು ರೂಪಾಯಿ. ಮೆಡಿಕಲ್ ಶಾಪ್, ಮತ್ತೆ ಅದೇ ಮೆಡಿಕಲ್ ಶಾಪ್. ಒಂದು ಸ್ಕ್ಯಾನಿಂಗ್ ಸೆಂಟರ್. ಮಂತ್ರಾಲಯಕ್ಕೆ ಕಳಿಸಿದ ಸೇವೆಯ ಹಣ. ಒಬ್ಬ ಆಪ್ತಸಮಾಲೋಚಕಿಗೆ ಪ್ರತಿ ಎರಡನೇ ಶನಿವಾರ ಕೊಟ್ಟ ಶುಲ್ಕ. ಆಟೋ ಡ್ರೈವರುಗಳ ಪೂರ್ತಿ ಹೆಸರುಗಳು, ಹೂವಿನ ಅಮ್ಮನ ಮಗನ ಹೆಸರು, ಮನೆಗೆಲಸದಾಕೆಯ ಹೆಸರು ಮತ್ತು ಅವಳ ಸಂಬಳ. ನಾನು ಯಾವಾಗ ಎಲ್ಲಿದ್ದೆ, ಯಾವ ದೇವರನ್ನು ನಂಬುತ್ತೇನೆ, ನನ್ನ ಮೈಯಲ್ಲಿ ಏನು ಸರಿಯಿಲ್ಲ, ಯಾರಿಗೆ ನಾನು ಆಸರೆ, ಎಲ್ಲಾ ಅಲ್ಲಿತ್ತು. ನನ್ನದು ಮಾತ್ರವೂ ಅಲ್ಲ. ಆ ಮೂವತ್ತೇಳು ಪುಟಗಳಲ್ಲಿ ನೂರಾರು ಬೇರೆ ಜನ ಇದ್ದರು, ಅವರನ್ನು ಯಾರೂ ಕೇಳಿರಲಿಲ್ಲ.

ಏಜೆಂಟ್ ಹೇಳಿದ್ದ: "ಎಲ್ಲಾ ವಾಟ್ಸ್‌ಆ್ಯಪ್ ಮಾಡ್ಬಿಡಿ ಮೇಡಂ. ಪಾಸ್‌ವರ್ಡ್ ತೆಗೆದು ಕಳ್ಸಿ, ಲಾಗಿನ್ ಮಾಡೋರಿಗೆ ಕಷ್ಟ ಆಗುತ್ತೆ." ನನಗೆ ಪಾಸ್‌ವರ್ಡ್ ತೆಗೆಯಲು ಬರುತ್ತಿರಲಿಲ್ಲ. ಅದಕ್ಕೆ ನಮ್ಮ ರಸ್ತೆಯ ಜೆರಾಕ್ಸ್ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ತನ್ನ ನಂಬರಿಗೆ ಫೈಲು ಕಳಿಸಲು ಹೇಳಿ, ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದು ಇಳಿಸಿಕೊಂಡ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಕೇಳಲೇ ಇಲ್ಲ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ. ದೇಶದ ಎಲ್ಲರಿಗೂ ಅದೇ ಸೂತ್ರ. "ಯಾವ ಇಸ್ವಿ ಮೇಡಂ?" ಅಂದ, ತಾನೇ ಟೈಪ್ ಮಾಡಿದ. ಬ್ಯಾಂಕಿನ ಸ್ಟೇಟ್‌ಮೆಂಟಿಗೆ ಹುಟ್ಟಿದ ದಿನಾಂಕ, ಆದಾಯ ತೆರಿಗೆ ದಾಖಲೆಗೆ ಪ್ಯಾನ್ ಮತ್ತು ಹುಟ್ಟಿದ ದಿನಾಂಕ. ಬೀಗವೂ ಬೀಗದ ಕೈಯೂ ಒಂದೇ ಫೈಲಿನಲ್ಲಿ ಇವೆ ಎಂದು ನನಗೆ ಹೊಳೆದದ್ದು ಅಲ್ಲಿ ನಿಂತಾಗ.

ಅವನು ಸೇವ್ ಮಾಡಲು ಫೋಲ್ಡರ್ ತೆರೆದ. ಪರದೆಯ ತುಂಬಾ ಹೆಸರುಗಳು. ಮೌಸ್ ಉರುಳಿಸಿದಷ್ಟೂ ಬರುತ್ತಿದ್ದವು. ಯಾರದೋ ಆಧಾರ್ ಮುಂಭಾಗ, ಆಧಾರ್ ಹಿಂಭಾಗ, ಯಾರದೋ ಮಗುವಿನ ಜನನ ಪತ್ರ, ಸ್ಕ್ಯಾನ್ ರಿಪೋರ್ಟ್, ಕ್ರಯಪತ್ರ, ವಿಚ್ಛೇದನದ ಅರ್ಜಿ ಎಂದು ಸ್ಪಷ್ಟವಾಗಿ ಹೆಸರಿಟ್ಟ ಒಂದು ಕಡತ. ಎಲ್ಲಾ ನಮ್ಮ ಬಡಾವಣೆಯವರದ್ದೇ. ಎರಡು ಹೆಸರು ನನಗೆ ಪರಿಚಯದವು. ಪ್ರಿಂಟ್ ಕೊಟ್ಟು ಹತ್ತು ರೂಪಾಯಿಯೋ ಇಪ್ಪತ್ತೋ ತೆತ್ತು ಅವರು ಮನೆಗೆ ಹೋಗಿದ್ದರು, ಕಾಗದ ಮಾತ್ರ ಅಲ್ಲೇ ಉಳಿದಿತ್ತು. ಕೆಲಸ ಮುಗಿದ ಮೇಲೆ "ನನ್ನದು ಅಳಿಸಿಬಿಡು" ಅಂದೆ. ತಕ್ಷಣ ಅಳಿಸಿದ. "ರೀಸೈಕಲ್ ಬಿನ್?" ಅಂದೆ. ಅದನ್ನೂ ಖಾಲಿ ಮಾಡಿದ. "ವಾಟ್ಸ್‌ಆ್ಯಪ್‌ನಲ್ಲಿ?" ಅಂದಾಗ ನಕ್ಕು ಆ ಚಾಟನ್ನೂ ತೆಗೆದ. ಒಳ್ಳೆಯ ಹುಡುಗ. ಈವರೆಗೆ ಯಾರೂ ಹಾಗೆ ಕೇಳಿರಲಿಲ್ಲವಂತೆ.

ಆದರೆ ಅಳಿಸುವ ಮೊದಲು ನಾನು ಅದೇ ಪಾಸ್‌ವರ್ಡ್ ಇಲ್ಲದ ಫೈಲುಗಳನ್ನು ಏಜೆಂಟ್‌ಗೆ ಕಳಿಸಿಯಾಗಿತ್ತು. ಅವನ ಸ್ವಂತ ಫೋನಿಗೆ. ಬ್ಯಾಂಕು ಕೊಟ್ಟ ಫೋನಲ್ಲ ಅದು. ಅವನು ಕಮಿಷನ್ ಮೇಲೆ ದುಡಿಯುವವನು. ಈ ವರ್ಷ ಈ ಬ್ಯಾಂಕಿಗೆ ಫೈಲು ತರುತ್ತಾನೆ, ಮುಂದಿನ ವರ್ಷ ಇನ್ನೊಂದಕ್ಕೆ, ಆಮೇಲೆ ಈ ಕೆಲಸವನ್ನೇ ಬಿಟ್ಟು ಊರಿಗೆ ಹೋಗಬಹುದು. ಫೋನು ಅವನ ಜೊತೆಗೇ ಹೋಗುತ್ತದೆ. ಗ್ಯಾಲರಿಯಲ್ಲಿ ಅವನ ಮಗಳ ಹುಟ್ಟುಹಬ್ಬದ ಫೋಟೋಗಳ ನಡುವೆ ನನ್ನ ಪ್ಯಾನ್ ಕಾರ್ಡ್ ಇರುತ್ತದೆ.

ಮುಂದೆ ಆದದ್ದು ಸಾಲ ತೆಗೆದುಕೊಂಡವರಿಗೆಲ್ಲ ಗೊತ್ತಿರುವುದೇ. ನಾನು ಹೆಸರೇ ಕೇಳದ ಫೈನಾನ್ಸ್ ಕಂಪನಿಗಳಿಂದ ಫೋನು. ನನ್ನ ಸಂಬಳ ಎಷ್ಟು, ಫ್ಲ್ಯಾಟ್ ಯಾವ ಕಡೆ ಎಂಬುದೆಲ್ಲ ಅವರಿಗೆ ಮೊದಲೇ ತಿಳಿದಿತ್ತು. ಅನುಮಾನ ಬಂದು, ನಾವು ಮಾಡಿದ ಸಾಲ, ಕಟ್ಟಿದ ಕಂತುಗಳ ಲೆಕ್ಕ ಇರುವ ಸಿಬಿಲ್ ವರದಿ ತೆಗೆದು ನೋಡಿದೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂದು ದೇಶದಲ್ಲಿ ಇಂಥ ವರದಿ ಕೊಡುವ ನಾಲ್ಕು ಸಂಸ್ಥೆಗಳಿವೆ. 2017ರಿಂದ ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಲೇಬೇಕು. ಎಲ್ಲರೂ 300ರಿಂದ 900ರ ನಡುವಿನ ಆ ಒಂದು ಅಂಕಿಯನ್ನಷ್ಟೇ ನೋಡಿ ಮುಚ್ಚಿಡುತ್ತಾರೆ. ಕೊನೆಯಲ್ಲಿ 'ಎನ್‌ಕ್ವೈರಿ' ಎಂಬ ಭಾಗ ಇರುತ್ತದೆ. ಯಾವ ದಿನ, ಯಾವ ಸಂಸ್ಥೆ, ಯಾವ ಸಾಲಕ್ಕೆಂದು ನಮ್ಮ ವರದಿ ತೆರೆದು ನೋಡಿತು ಎಂದು ಅಲ್ಲಿ ಬರೆದಿರುತ್ತದೆ. ನಾನು ಅರ್ಜಿ ಹಾಕಿದ್ದು ಒಂದು ಕಡೆ. ಅಲ್ಲಿ ಐದು ದಿನದೊಳಗೆ ನಾಲ್ಕು ಹೆಸರು ಇದ್ದವು. ಎಲ್ಲಿ ಬೇಗ ಸ್ಯಾಂಕ್ಷನ್ ಆಗುತ್ತದೋ ನೋಡೋಣ ಎಂದು ಏಜೆಂಟ್ ನಾಲ್ಕು ಕಡೆ ನನ್ನ ಅರ್ಜಿ ಹಾಕಿದ್ದ. ಒಟಿಪಿ ಹೇಳಿದ್ದು ನಾನೇ, ಒಂದೇ ಬ್ಯಾಂಕಿನದ್ದು ಅಂದುಕೊಂಡು ನಾಲ್ಕು ಸಲ ಹೇಳಿದ್ದೆ. ಹೀಗೆ ಬೆನ್ನುಬೆನ್ನಿಗೆ ವಿಚಾರಣೆ ಬಿದ್ದರೆ ಸಾಲಕ್ಕಾಗಿ ಪರದಾಡುತ್ತಿದ್ದಾರೆ ಎಂದು ಅರ್ಥವಾಗಿ ಅಂಕವೂ ಇಳಿಯುತ್ತದೆ. ನಮ್ಮ ವರದಿಯನ್ನು ಯಾರಾದರೂ ತೆರೆದರೆ ನಮಗೆ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ವರದಿಯ ತಪ್ಪಿನ ಬಗ್ಗೆ ದೂರು ಕೊಟ್ಟು 30 ದಿನದಲ್ಲಿ ಅದು ಸರಿಯಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವೂ ಉಂಟು. ವರದಿ ತೆರೆದ ಆ ಎಸ್‌ಎಂಎಸ್‌ಗಳು ನನಗೂ ಬಂದಿದ್ದವು, ಜಾಹೀರಾತು ಎಂದು ಓದದೆ ಬಿಟ್ಟಿದ್ದೆ.

ಇನ್ನೊಂದು ವಿಷಯ ಹೇಳಲೇಬೇಕು. ನನಗೆ ಇವತ್ತಿಗೂ ಚುಚ್ಚುವುದು ಅದೇ. ಅರ್ಜಿಯ ಕೊನೆಯ ಪುಟದಲ್ಲಿ 'ರೆಫರೆನ್ಸ್' ಎಂದು ಇಬ್ಬರ ಹೆಸರು, ವಿಳಾಸ, ಫೋನ್ ನಂಬರ್ ಕೇಳುತ್ತಾರೆ. ನಾನು ಯೋಚನೆಯೇ ಮಾಡದೆ ನನ್ನ ಗೆಳತಿಯ ಹೆಸರು ಬರೆದೆ. ಒಂದು ಮಾತು ಅವಳನ್ನು ಕೇಳಲಿಲ್ಲ. ವಾರದ ಬಳಿಕ ಅವಳಿಗೆ ಫೋನು ಶುರುವಾಯಿತು, ನಿಮಗೂ ಮನೆ ಸಾಲ ಬೇಕಾ, ಟಾಪ್ ಅಪ್ ಬೇಕಾ ಎಂದು. ಗಂಡ ತೀರಿಕೊಂಡ ಮೇಲೆ ಅಪರಿಚಿತ ನಂಬರುಗಳಿಗೆ ಹೆದರಿಕೊಂಡು ಬದುಕುತ್ತಿದ್ದವಳು ಅವಳು. "ನನ್ ನಂಬರ್ ಎಲ್ ಸಿಕ್ತು ಅಂತ ಕೇಳ್ದೆ ಕಣೇ, ನಿನ್ ಹೆಸ್ರು ಹೇಳಿದ್ರು" ಅಂದಳು. ಬೈಯಲಿಲ್ಲ. ನನ್ನ ಮಾಹಿತಿಯನ್ನು ಯಾರೋ ಹಂಚಿದರು ಎಂದು ದೂರುತ್ತಿದ್ದವಳು ಅವಳದ್ದನ್ನು ನಾನೇ ಹಂಚಿದ್ದೆ. ಈಗ ಯಾರ ನಂಬರನ್ನೂ ಕೇಳದೆ ಬರೆಯುವುದಿಲ್ಲ. ಬರೆದರೂ, ಇಂಥವರು ಫೋನ್ ಮಾಡಬಹುದು ಎಂದು ಮೊದಲೇ ಹೇಳುತ್ತೇನೆ.

ಆ ಸಾಲ ಕೊನೆಗೆ ಆಗಲೇ ಇಲ್ಲ. ಬ್ಯಾಂಕಿನ ವಕೀಲರು ಕಾಗದ ನೋಡಿ, 1980ರ ದಶಕದ ಒಂದು ವಿಭಾಗಪತ್ರ ಕಾಣೆಯಾಗಿದೆ, ಹಕ್ಕಿನ ಕೊಂಡಿ ತಪ್ಪಿದೆ ಎಂದು ಅಭಿಪ್ರಾಯ ಕೊಟ್ಟರು. ನಾವು ಆ ಫ್ಲ್ಯಾಟ್ ಕೈಬಿಟ್ಟೆವು. ಐದು ತಿಂಗಳ ನಂತರ ಕೆಂಗೇರಿ ಕಡೆ ಇನ್ನೊಂದು ಸಿಕ್ಕಿತು. ಎರಡನೇ ಸಲ ಏಜೆಂಟ್ ಇಲ್ಲದೆ ನಾನೇ ಶಾಖೆಗೆ ಹೋದೆ.

ಆ ಐದು ತಿಂಗಳು ನಾನು ಓದಿಕೊಂಡಿದ್ದರಲ್ಲಿ ನಿದ್ದೆ ಕೆಡಿಸಿದ್ದು ಬೆರಳಚ್ಚಿನ ವಿಷಯ. ಮನೆ ಕೊಳ್ಳುವವರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೆಬ್ಬೆರಳು ಒತ್ತುತ್ತಾರಲ್ಲ, ಅದು ಫೋಟೋ ಪಕ್ಕದಲ್ಲಿ ಕ್ರಯಪತ್ರದ ಮೇಲೇ ಅಚ್ಚಾಗುತ್ತದೆ. 2023ರಲ್ಲಿ ಬೆಂಗಳೂರಿನಲ್ಲಿ ಎಷ್ಟೋ ಜನಕ್ಕೆ ಇದ್ದಕ್ಕಿದ್ದಂತೆ ಖಾತೆಯಿಂದ ಹತ್ತು ಸಾವಿರ ಹೋಗಿದೆ ಎಂದು ಸಂದೇಶ ಬರತೊಡಗಿತು. ಅವರು ಕಾರ್ಡ್ ಬಳಸಿರಲಿಲ್ಲ, ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಅವರಲ್ಲಿ ಅನೇಕರು ಇತ್ತೀಚೆಗೆ ಆಸ್ತಿ ನೋಂದಣಿ ಮಾಡಿಸಿದವರಾಗಿದ್ದರು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಎಂಬುದೊಂದಿದೆ. ಎಟಿಎಂ ಇಲ್ಲದ ಹಳ್ಳಿಯಲ್ಲಿ ಅಜ್ಜಿಯರು ಹೆಬ್ಬೆರಳಿಟ್ಟು ಪಿಂಚಣಿ ಪಡೆಯಲಿ ಎಂದು ಮಾಡಿದ್ದು, ಒಳ್ಳೆಯ ಉದ್ದೇಶದ್ದೇ. ಅದಕ್ಕೆ ಬೇಕಾದದ್ದು ಮೂರು: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳಲ್ಲಿ ಬೆರಳಚ್ಚೂ ಇತ್ತು, ಆಧಾರ್ ಸಂಖ್ಯೆಯೂ ಇತ್ತು. ವಂಚಕರು ಆ ಪತ್ರಗಳನ್ನು ಇಳಿಸಿಕೊಂಡು ಬೆರಳಿನ ನಕಲು ಅಚ್ಚು ಮಾಡಿ ಹಣ ತೆಗೆದದ್ದು ಪೊಲೀಸ್ ತನಿಖೆಯಲ್ಲಿ ಹೊರಬಂತು, ಬಂಧನಗಳೂ ಆದವು. ಆಮೇಲೆ ನೋಂದಣಿ ಇಲಾಖೆ ಪತ್ರಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಮರೆಮಾಚಲು ಮುಂದಾಯಿತು. 2018ರಲ್ಲೇ ತೆಲಂಗಾಣದಲ್ಲಿ ಒಬ್ಬ ಸಿಮ್ ಮಾರುವವನು ಇದೇ ರೀತಿ ನೋಂದಣಿ ಪತ್ರಗಳಿಂದ ಬೆರಳಚ್ಚು ತೆಗೆದು ಸಾವಿರಾರು ಸಿಮ್ ಚಾಲೂ ಮಾಡಿದ್ದ. ಅಂದರೆ ಎಚ್ಚರಿಕೆ ಐದು ವರ್ಷ ಮೊದಲೇ, ಪಕ್ಕದ ಮನೆಯಿಂದಲೇ ಬಂದಿತ್ತು.

ಆಸ್ತಿ ದಾಖಲೆ ಸಾರ್ವಜನಿಕವಾಗಿ ಇರಬಾರದು ಎಂದು ನಾನು ಹೇಳುತ್ತಿಲ್ಲ. 1908ರ ನೋಂದಣಿ ಕಾಯ್ದೆಯೇ ಆಸ್ತಿ ಪತ್ರಗಳ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು ಎನ್ನುತ್ತದೆ, ಅದು ಸರಿಯೇ. ಆ ದಾರಿ ಇಲ್ಲದಿದ್ದರೆ ನಮ್ಮ ಮೊದಲ ಫ್ಲ್ಯಾಟಿನ ಕಾಣೆಯಾದ ವಿಭಾಗಪತ್ರ ಗೊತ್ತಾಗುತ್ತಿರಲಿಲ್ಲ, ಒಂದೇ ಸೈಟನ್ನು ಮೂವರಿಗೆ ಮಾರುವವರನ್ನು ಹಿಡಿಯಲೂ ಆಗುತ್ತಿರಲಿಲ್ಲ. ಯಾರು ಯಾರಿಗೆ ಯಾವ ಜಾಗ ಮಾರಿದರು ಎಂಬುದು ಊರಿಗೆ ತಿಳಿಯಬೇಕಾದ ವಿಷಯ. ನನ್ನ ಹೆಬ್ಬೆರಳಿನ ಗೆರೆಗಳು ಊರಿಗೆ ತಿಳಿಯಬೇಕಾದ ವಿಷಯವಲ್ಲ. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು. ಹೆಬ್ಬೆರಳನ್ನು ಎಲ್ಲಿಂದ ತರುವುದು?

ನಮ್ಮ ಕ್ರಯಪತ್ರಕ್ಕೆ ಅಪ್ಪ ಸಾಕ್ಷಿ ಹಾಕಲು ಬಂದಿದ್ದರು. ಹಿಂದಿನ ರಾತ್ರಿ ಅಪ್ಪನ ಫೋನನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟುಕೊಂಡು, ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಬೀಗ ಹಾಕುವುದು ಹೇಗೆಂದು ಅಪ್ಪನಿಗೆ ತೋರಿಸಿದೆ. ಬೀಗ ಹಾಕಿದ ಮೇಲೆ ಯಾರ ಕೈಯಲ್ಲಿ ನಮ್ಮ ಬೆರಳಚ್ಚಿನ ನಕಲಿದ್ದರೂ ಆಧಾರ್ ಯಂತ್ರ ಒಪ್ಪುವುದಿಲ್ಲ. ನಮಗೇ ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು. ಅಪ್ಪ ಎರಡು ಸಲ ತಾವೇ ತೆರೆದು, ಮುಚ್ಚಿ, ಕಲಿತುಕೊಂಡರು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಇವ್ರು?" ಎಂದು ಕೇಳಿದರು.

ಹೇಳಿದ್ದರು, ಒಂದು ರೀತಿಯಲ್ಲಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು: ಆಧಾರ್ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ದುರ್ಬಳಕೆ ಆಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ ಎಂದು. ಎರಡೇ ದಿನದಲ್ಲಿ, ತಪ್ಪು ಅರ್ಥ ಬರಬಹುದು ಎಂಬ ಕಾರಣ ಕೊಟ್ಟು ಕೇಂದ್ರ ಸಚಿವಾಲಯ ಅದನ್ನು ವಾಪಸ್ ಪಡೆಯಿತು. ಸಾಮಾನ್ಯ ಎಚ್ಚರ ವಹಿಸಿ ಎಂದಷ್ಟೇ ಹೇಳಿತು. ಆ ಬೆಂಗಳೂರಿನ ಕಚೇರಿ ಹೇಳಿದ್ದೇ ಸರಿಯಾಗಿತ್ತು ಎಂದು ನನ್ನ ಅಭಿಪ್ರಾಯ. ಸಾಮಾನ್ಯ ಎಚ್ಚರ ಎಂದರೆ ಏನು ಎಂದು ಜನಕ್ಕೆ ಯಾರಾದರೂ ಒಬ್ಬರು ಬಿಡಿಸಿ ಹೇಳಬೇಕಿತ್ತು, ಅವರು ಹೇಳಿದ್ದರು.

ಎರಡನೇ ಸಲ ನಾನು ಬ್ಯಾಂಕಿಗೆ ಒಯ್ದದ್ದು ಮಾಸ್ಕ್ಡ್ ಆಧಾರ್. ಕೌಂಟರಿನಲ್ಲಿದ್ದವರು "ಫುಲ್ ನಂಬರ್ ಕಾಣ್ಬೇಕು ಮೇಡಂ" ಅಂದರು. ಮೊದಲಿನ ನಾನಾಗಿದ್ದರೆ ಅಲ್ಲೇ ಒರಿಜಿನಲ್ ತೆಗೆದು ಕೊಡುತ್ತಿದ್ದೆ. ಈ ಸಲ, ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲೇ ಇದೆಯಲ್ಲ, ಆಧಾರ್ ದೃಢೀಕರಣ ಬೇಕಿಲ್ಲದ ಕಡೆ ಗ್ರಾಹಕರು ಸಂಖ್ಯೆ ಮರೆಮಾಡಿ ಕೊಡುವಂತೆ ಬ್ಯಾಂಕೇ ನೋಡಿಕೊಳ್ಳಬೇಕು ಅಂತ, ಒಮ್ಮೆ ಕೇಳಿ ನೋಡಿ ಎಂದೆ. ಜಗಳದ ದನಿಯಲ್ಲಿ ಹೇಳಲಿಲ್ಲ. ಅವರು ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದು, "ಆಗುತ್ತೆ" ಅಂದರು. ಐದು ನಿಮಿಷದ ಕೆಲಸ. ಪ್ಯಾನ್ ಮರೆಮಾಚಲು ಆಗುವುದಿಲ್ಲ, ಅದಿಲ್ಲದೆ ಸಾಲವೇ ಇಲ್ಲ. ಹಾಗಾಗಿ ಅದರ ಜೆರಾಕ್ಸ್ ಮೇಲೆ ಓರೆಯಾಗಿ, ಫೋಟೋ ಮತ್ತು ಅಕ್ಷರ ಎರಡಕ್ಕೂ ತಾಗುವ ಹಾಗೆ, 'ಗೃಹಸಾಲದ ಅರ್ಜಿಗೆ ಮಾತ್ರ' ಎಂದು ಬ್ಯಾಂಕಿನ ಹೆಸರು, ತಾರೀಖು ಸಮೇತ ಬರೆದು ಸಹಿ ಹಾಕಿದೆ. ಇದರಿಂದ ದುರ್ಬಳಕೆ ಪೂರ್ತಿ ನಿಲ್ಲುತ್ತದೆ ಎಂದಲ್ಲ. ಆ ಪ್ರತಿಯನ್ನು ಬೇರೆ ಕಡೆ ಕೊಟ್ಟು ಸಿಮ್ಮೋ ಸಾಲವೋ ತೆಗೆಯುವುದು ಕಷ್ಟವಾಗುತ್ತದೆ, ಮುಂದೆ ಯಾವಾಗಲಾದರೂ ಎಲ್ಲಾದರೂ ಸಿಕ್ಕರೆ ಯಾವ ಬಾಗಿಲಿಂದ ಹೊರಬಿತ್ತು ಎಂದೂ ಗೊತ್ತಾಗುತ್ತದೆ.

ಸ್ಟೇಟ್‌ಮೆಂಟ್ ಈ ಸಲ ಅಕೌಂಟ್ ಅಗ್ರಿಗೇಟರ್ ಮೂಲಕ ಹೋಯಿತು. ಇದು ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ಮಾಡಿ, 2021ರ ಸೆಪ್ಟೆಂಬರ್‌ನಲ್ಲಿ ಚಾಲನೆಗೆ ಬಂದ ವ್ಯವಸ್ಥೆ. ನನ್ನ ಸಂಬಳದ ಖಾತೆ ಇರುವ ಬ್ಯಾಂಕಿನಿಂದ ಸಾಲ ಕೊಡುವ ಬ್ಯಾಂಕಿಗೆ ಮಾಹಿತಿ ನೇರ ಹೋಗುತ್ತದೆ. ನಡುವಿನ ಸಂಸ್ಥೆ ಬರೀ ಅಂಚೆಯವನು, ಲಕೋಟೆ ಒಡೆಯಲು ಅವನಿಗೆ ಆಗದು. ಒಪ್ಪಿಗೆಯ ಪರದೆಯಲ್ಲಿ ಯಾವ ಕಾರಣಕ್ಕೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ವಹಿವಾಟು, ಒಂದೇ ಸಲವೋ ಮತ್ತೆ ಮತ್ತೆಯೋ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದೆಲ್ಲ ಬರೆದಿರುತ್ತದೆ. ಓದಿದೆ, ನಿಧಾನವಾಗಿ. ನನಗೆ ಎರಡು ಖಾತೆ ಇವೆ. ಸಂಬಳ ಬರುವುದನ್ನು ಮಾತ್ರ ಆರಿಸಿ ಇನ್ನೊಂದನ್ನು ಬಿಟ್ಟೆ. ಸಾಲ ಮಂಜೂರಾದ ಮೇಲೆ ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆದೆ. ಸ್ಟೇಟ್‌ಮೆಂಟ್ ತೆಗೆಯಲು ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಕೊಡಿ ಎನ್ನುವ ದಾರಿಯೂ ಕೆಲವು ಕಡೆ ಇರುತ್ತದೆ, ಅದಕ್ಕೆ ಮಾತ್ರ ಯಾರೂ ಯಾವತ್ತೂ ಒಪ್ಪಬೇಡಿ.

ಅಗ್ರಿಗೇಟರ್‌ನಿಂದ ತಮ್ಮನ ಸಾಲು ಮಾಯವಾಗಲಿಲ್ಲ. ಆ ಎಂಟು ಸಾವಿರ ಈ ಬ್ಯಾಂಕಿನವರಿಗೂ ಕಂಡಿತು, ಕಾಣಲೇಬೇಕು. ಅದಕ್ಕೆ ನಾನೇ ಮೊದಲು ಅಧಿಕಾರಿಯ ಹತ್ತಿರ ಕೂತು, ಇದು ಮನೆಯವರಿಗೆ ಮಾಡುವ ಸಹಾಯ, ಸಾಲವಲ್ಲ ಎಂದು ಒಂದು ಕಾಗದದಲ್ಲಿ ಬರೆದು ಕೊಟ್ಟೆ. ಮತ್ತೇನಾದರೂ ಕೇಳುವುದಿದ್ದರೆ ನನ್ನ ನಂಬರಿಗೇ ಫೋನ್ ಮಾಡಿ, ಮನೆಗೆ ಪರಿಶೀಲನೆಗೆ ಬರುವವರ ಕೈಗೆ ಸ್ಟೇಟ್‌ಮೆಂಟ್ ಪ್ರತಿ ಬೇಡ ಎಂದೆ. ಆ ಅಧಿಕಾರಿ ನನಗಿಂತ ಚಿಕ್ಕವರು. ಪೆನ್ನು ಕೆಳಗಿಟ್ಟು, "ಸರಿ ಮೇಡಂ, ವಿಳಾಸ ನೋಡೋರಿಗೆ ವಿಳಾಸ ಮಾತ್ರ ಸಾಕು" ಅಂದರು. ಇಷ್ಟು ಸರಳವಾದ ವಾಕ್ಯವನ್ನು ಕೇಳಲು ನನಗೆ ಒಂದು ವರ್ಷ ಬೇಕಾಯಿತು.

ಅರ್ಜಿಯ ಒಳಗೆ ಸಣ್ಣ ಅಕ್ಷರದಲ್ಲಿ, ನಮ್ಮ ಸಮೂಹದ ಕಂಪನಿಗಳ ಜೊತೆ, ಏಜೆಂಟರ ಜೊತೆ, ಮಾರಾಟದ ಉದ್ದೇಶಕ್ಕೆ ಮಾಹಿತಿ ಹಂಚಲು ಒಪ್ಪಿದ್ದೇನೆ ಎಂಬ ಸಾಲು ಇತ್ತು. ಅದರ ಮುಂದಿನ ಚೌಕದಲ್ಲಿ ಟಿಕ್ ಮೊದಲೇ ಅಚ್ಚಾಗಿತ್ತು. ಹೊಡೆದು ಹಾಕಿ ಸಹಿ ಮಾಡಿದೆ. ಯಾರೂ ಏನೂ ಅನ್ನಲಿಲ್ಲ.

ಇದೆಲ್ಲ ಕೇಳುವ ಹಕ್ಕು ನನಗೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ ನಮ್ಮವರೇ ಒಬ್ಬರು ನೆನಪಾಗುತ್ತಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ದೇಶದಾದ್ಯಂತ ವಕೀಲರು ಆ ತೀರ್ಪನ್ನು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಎಂಬತ್ತಾರರಲ್ಲಿ ಆ ಹಿರಿಯರಿಗೆ ಇಡೀ ಸರ್ಕಾರವನ್ನು ಯಾಕೆ ಎಂದು ಕೇಳಲು ಸಂಕೋಚವಾಗಲಿಲ್ಲ.

ಆ ತೀರ್ಪಿನ ಮುಂದುವರಿಕೆಯಾಗಿ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವಿದೆ, ಅಂದರೆ 2027ರ ಮೇ. ಮಾಹಿತಿಯನ್ನು ಸರಿಯಾಗಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಎಂಬುದನ್ನು ಎಲ್ಲರೂ ಬರೆದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ನಮ್ಮಿಂದ ಏನನ್ನು, ಯಾಕೆ ತೆಗೆದುಕೊಳ್ಳುತ್ತಾರೆ ಎಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ನಾವು ಆರಿಸಿದ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಕನ್ನಡದಲ್ಲಿ. ಅಪ್ಪ ನನ್ನ ಮದುವೆಗೆ ಮುಂಚೆ ಊರಲ್ಲಿ ಮನೆ ಕಟ್ಟಲು ಸಾಲ ಮಾಡಿದಾಗ ನಲವತ್ತು ಕಡೆ ಇಂಗ್ಲಿಷ್ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿದ್ದರು. ಏನಕ್ಕೆ ಹಾಕಿದೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆ ಸೂಚನೆಯನ್ನು ಕನ್ನಡದಲ್ಲಿ ಕೊಡಿ ಎಂದು ಪ್ರತಿ ಕೌಂಟರಿನಲ್ಲೂ ಕೇಳುವ ಜನ ನಾವಾಗಬೇಕು ಎಂದು ನನ್ನ ಆಸೆ.

ಸಾಲ ಸಿಕ್ಕಿತು, ನೋಂದಣಿಯೂ ಆಯಿತು. ಮೂರನೇ ದಿನ ಒಬ್ಬರು ಫೋನ್ ಮಾಡಿ, ಹೊಸ ಮನೆಗೆ ಮಾಡ್ಯುಲರ್ ಕಿಚನ್ ಬೇಕಾ ಮೇಡಂ ಎಂದರು. ಇಷ್ಟು ಮಾಡಿದ ಮೇಲೂ ಎಲ್ಲೋ ಒಂದು ಕಿಂಡಿ ಉಳಿದೇ ಇತ್ತು.

ಗೃಹಪ್ರವೇಶಕ್ಕೆ ವಾರ ಇರುವಾಗ ಒಂದು ಬಾಕಿ ಕೆಲಸಕ್ಕೆ ಹೋದೆ. ಮೊದಲ ಅರ್ಜಿ, ಆ ಆಗದೇ ಹೋದ ಸಾಲದ್ದು, ಅದರ ಫೈಲು ಇನ್ನೂ ಆ ಸಂಸ್ಥೆಯಲ್ಲೇ ಇತ್ತು. ಲಿಖಿತವಾಗಿ ಕೇಳಿದ್ದೆ: ಸಾಲ ಆಗಿಲ್ಲ, ನನ್ನ ಕಾಗದ ವಾಪಸ್ ಕೊಡಿ. ಎರಡು ಸಲ ಅಲೆದಿದ್ದೆ. ಆವತ್ತು ಒಳಗಿನಿಂದ ಒಬ್ಬರು ನೀಲಿ ದಾರ ಕಟ್ಟಿದ ಕಟ್ಟನ್ನು ತಂದು ಮೇಜಿನ ಮೇಲಿಟ್ಟರು. ಅಲ್ಲೇ ಕೂತು ಎಣಿಸತೊಡಗಿದೆ. ಹಳದಿ ಗೆರೆಗಳ ಸ್ಟೇಟ್‌ಮೆಂಟ್, 'ಬ್ರದರ್' ಎಂಬ ಆ ಅಕ್ಷರ. ಗಂಡನ ಫಾರ್ಮ್ 16. ಅದರ ಹಿಂದೆ ಒಂದು ಸಂಬಳದ ಚೀಟಿ. ನಮ್ಮದಲ್ಲ. ಯಾವುದೋ ಗಾರ್ಮೆಂಟ್ಸ್ ಕಾರ್ಖಾನೆಯದ್ದು, ಒಬ್ಬ ಹೆಂಗಸಿನದ್ದು. ನಾನು ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಸರು, ಕೈಗೆ ಬರುವ ಮೊತ್ತ, ಮುಂಗಡ ಸಾಲಕ್ಕೆಂದು ಹಿಡಿದುಕೊಂಡ ಹಣ, ಎಲ್ಲಾ ಒಂದೇ ನೋಟಕ್ಕೆ ಕಣ್ಣಿಗೆ ಬಿದ್ದುಬಿಟ್ಟಿತ್ತು. ಕಾಗದವನ್ನು ಮಗುಚಿ, ಬಿಳಿ ಬೆನ್ನು ಮೇಲೆ ಮಾಡಿ, ಅವರ ಮುಂದೆ ಸರಿಸಿದೆ.

"ಇದು ಬೇರೆಯವರದ್ದು" ಅಂದೆ. "ಅವರಿಗೆ ಫೋನ್ ಮಾಡಿ ಹೇಳ್ತೀರಾ?"

ಅವರು ಚೀಟಿಯನ್ನು ತಿರುಗಿಸಿ ಹೆಸರು ನೋಡಿದರು, ಕಂಪ್ಯೂಟರಿನಲ್ಲಿ ಹುಡುಕಿದರು, ಆಮೇಲೆ ರಿಸೀವರ್ ಎತ್ತಿದರು. ನಾನು ಉಳಿದ ಪುಟಗಳನ್ನು ಎಣಿಸುತ್ತ ಕೂತೆ.